ಹಡಗು ಇಳಿದ ದಿನವೇ ವಿಮಾನ ಹತ್ತೋದು ಸರೀನಾ? ಸಿಂಗಪುರದಿಂದ ಮೈಸೂರಿಗೆ ವಾಪಸ್ ಬರೋ ದಿನದ ಲೆಕ್ಕ

ಚಾಮುಂಡಿಪುರಂ_ನೋಟ:
ಎಲ್ಲರಿಗೂ ನಮಸ್ಕಾರ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರೋ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಆಗಿದೆ. ಆರು ಜನ, ಅದರಲ್ಲಿ ಇಬ್ಬರಿಗೆ 70 ದಾಟಿದೆ. ಹೋಗೋದರ ಬಗ್ಗೆ ಎಲ್ಲ ಕಡೆ ಮಾಹಿತಿ ಸಿಗುತ್ತೆ. ವಾಪಸ್ ಬರೋ ದಿನದ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ.

ಹಡಗು ಬೆಳಿಗ್ಗೆ 7ಕ್ಕೆ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಬರುತ್ತೆ. ಅಲ್ಲಿಂದ ಬೆಂಗಳೂರಿಗೆ ಮೂರು ಆಯ್ಕೆ ಇದೆ: ಅದೇ ದಿನ 11.30ರ ವಿಮಾನ, ಅದೇ ದಿನ ರಾತ್ರಿ 8ರದ್ದು, ಇಲ್ಲಾ ಒಂದು ರಾತ್ರಿ ಉಳಿದು ಮರುದಿನ ಬೆಳಿಗ್ಗೆ 9ರದ್ದು. ಏಜೆಂಟ್ ಮೊದಲನೆಯದನ್ನೇ ತಗೊಳ್ಳಿ ಅಂತಾರೆ, ರೇಟು ಕಡಿಮೆ. ಗೊತ್ತಿರೋರು ಹೇಳಿ.

ಇನ್ನೊಂದು ವಿಷಯ. ಮುಂದಿನ ವರ್ಷ ಅಣ್ಣನ ಮನೆಯವರೂ ಇದೇ ಟ್ರಿಪ್ ಮಾಡೋರಿದ್ದಾರೆ. ಬರುವಾಗ ವಿಮಾನದಲ್ಲೇ ಕೂತು ಏನೇನು ಬರೆದಿಟ್ಕೊಂಡ್ರೆ ಅವರಿಗೆ ಉಪಯೋಗ ಆಗುತ್ತೆ?

ಒಂಟಿಕೊಪ್ಪಲ್:
11.30 ಬೇಡವೇ ಬೇಡ.

ಕುಕ್ಕರಹಳ್ಳಿ_ವಾಕರ್:
ಬೇಡ ಅಂದ್ರೆ ಸಾಲದು, ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

7ಕ್ಕೆ ಬರುತ್ತೆ ಅಂದ್ರೆ 7ಕ್ಕೆ ಹಗ್ಗ ಕಟ್ಟುತ್ತೆ ಅಂತ ಅರ್ಥ. ಜನ ಇಳಿಯೋಕೆ ಶುರುವಾಗೋದು ಬಂದರಿನ ಅಧಿಕಾರಿಗಳು ಒಪ್ಪಿಗೆ ಕೊಟ್ಟ ಮೇಲೆ. ತಮ್ಮ ಬ್ಯಾಗ್ ತಾವೇ ಎಳ್ಕೊಂಡು ಹೋಗೋರನ್ನ ಮೊದಲು ಬಿಡ್ತಾರೆ, ಸುಮಾರು 7.30ರಿಂದ. ಹಿಂದಿನ ರಾತ್ರಿ ಬ್ಯಾಗ್ ಕ್ಯಾಬಿನ್ ಹೊರಗೆ ಇಟ್ಟವರನ್ನ ಟ್ಯಾಗ್ ಬಣ್ಣ, ನಂಬರ್ ನೋಡಿ ಗುಂಪು ಗುಂಪಾಗಿ ಕರೀತಾರೆ. ಕೊನೇ ಗುಂಪು ಇಳಿಯೋಷ್ಟ್ರಲ್ಲಿ 9.30, 10 ಆಗಬಹುದು. ಆಮೇಲೆ ಇಮಿಗ್ರೇಶನ್ ಸಾಲು, ಬ್ಯಾಗ್ ಹುಡುಕೋದು, ಕಸ್ಟಮ್ಸ್. ಮೂರು ಸಾವಿರ ಜನ ಒಂದೇ ಬಾಗಿಲಲ್ಲಿ ಹೊರಗೆ ಬರೋ ಬೆಳಿಗ್ಗೆ ಅದು, ಮುಕ್ಕಾಲು ಗಂಟೆ ಇಟ್ಕೊಳ್ಳಿ. ಟ್ಯಾಕ್ಸಿ ಸಾಲು ಬೇರೆ. ಚಾಂಗಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ 25-30 ನಿಮಿಷ.

11.30ರ ಅಂತರರಾಷ್ಟ್ರೀಯ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 10.30ಕ್ಕೇ ಮುಚ್ಚುತ್ತೆ. ಎಲ್ಲಾ ಸರಿಹೋದ್ರೂ ನಿಮಗೆ ಮಿಗೋದು ಅರ್ಧ ಗಂಟೆ. ಮಂಜು, ಮಳೆ, ಬಂದರಿನಲ್ಲಿ ಜಾಗ ಖಾಲಿ ಇಲ್ಲ ಅಂತ ಹಡಗು ಒಂದು ಗಂಟೆ ತಡವಾದ್ರೆ ಆರು ಟಿಕೆಟ್ ಹೋಯ್ತು. ಕ್ರೂಸ್ ಮುಗಿದ ದಿನ ಮಧ್ಯಾಹ್ನ 1ಕ್ಕಿಂತ ಮುಂಚಿನ ವಿಮಾನ ತಗೋಬೇಡಿ ಅಂತ ಎಲ್ಲ ಕಡೆ ಹೇಳೋದು ಇದಕ್ಕೇ.

ಸಕ್ಕರೆನಾಡು_71:
ಇದು ಸ್ವಲ್ಪ ಜಾಸ್ತಿನೇ ಹೆದರಿಸಿದಂಗಾಯ್ತು ಅಣ್ಣ. ಬ್ಯಾಗ್ ತಾವೇ ಎಳ್ಕೊಂಡು ಹೋಗೋ ಆಯ್ಕೆ ತಗೊಂಡ್ರೆ 8.30ಕ್ಕೆ ಟರ್ಮಿನಲ್ ಹೊರಗೆ, 9.15ಕ್ಕೆ ಚಾಂಗಿ. ಆರಾಮಾಗಿ ಆಯ್ತದೆ. ಒಂದು ರಾತ್ರಿ ಹೋಟೆಲ್ ಅಂದ್ರೆ ಆರು ಜನಕ್ಕೆ ಎರಡು ಮೂರು ರೂಮು. ಆ ದುಡ್ಡು ಯಾರು ಕೊಡ್ತಾರೆ?

ಕುಕ್ಕರಹಳ್ಳಿ_ವಾಕರ್:
30 ವರ್ಷದ ಗಂಡ ಹೆಂಡತಿ, ತಲಾ ಒಂದು ಬ್ಯಾಗ್ ಆಗಿದ್ರೆ ನಿಮ್ಮ ಮಾತು ಒಪ್ಪತೀನಿ. ಇಲ್ಲಿ 70 ದಾಟಿದ ಇಬ್ಬರಿದ್ದಾರೆ. ಬ್ಯಾಗ್ ಜೊತೆ ಇಳಿಯೋ ಬೆಳಿಗ್ಗೆ ಲಿಫ್ಟ್ ಪ್ರತಿ ಡೆಕ್‌ನಲ್ಲೂ ತುಂಬ್ಕೊಂಡೇ ಬರುತ್ತೆ, ಹತ್ತೋಕೇ ಆಗಲ್ಲ. ಮೆಟ್ಟಿಲಲ್ಲಿ 25 ಕೆಜಿ ಇಳಿಸೋರು ಯಾರು? ಇಳಿಜಾರು ಗ್ಯಾಂಗ್‌ವೇನಲ್ಲಿ ಹಿಂದಿನಿಂದ ಬ್ಯಾಗ್ ತಳ್ಳೋರ ನಡುವೆ ಹಿರಿಯರು ನಡೀಬೇಕು. ಅವರಿಗೆ ಸರಿಯಾದ ದಾರಿ ಅಂದ್ರೆ ಎರಡು ದಿನ ಮುಂಚೆ ಗೆಸ್ಟ್ ಸರ್ವಿಸಸ್‌ನಲ್ಲಿ ವೀಲ್‌ಚೇರ್ ಸಹಾಯ ಬರೆಸೋದು. ಹೇಳಿದ ಜಾಗದಲ್ಲಿ ಕೂತಿದ್ರೆ ಸಿಬ್ಬಂದಿ ಬಂದು ಹೊರಗಿನವರೆಗೂ ಕರ್ಕೊಂಡು ಹೋಗ್ತಾರೆ. ಆದರೆ ಅವರ ಸರದಿ ಬರೋವರೆಗೂ ಕಾಯಬೇಕು, 7.30ಕ್ಕೇ ಇಳಿಯೋಕಾಗಲ್ಲ.

ಸಕ್ಕರೆನಾಡು_71:
ಹಿರಿಯರ ವಿಷಯ ಸರಿ, ಒಪ್ಪಿದೆ. ಹಂಗಾದ್ರೆ ರಾತ್ರಿ 8ರದ್ದು ತಗೊಳ್ಳಲಿ. ಹೋಟೆಲ್ ದುಡ್ಡೂ ಉಳೀತದೆ.

ಹೇಮಾವತಿ_ನಾಲೆ:
ರಾತ್ರಿ 8ರದ್ದರ ಲೆಕ್ಕ ಮೈಸೂರಿನ ಮನೆ ಬಾಗಿಲವರೆಗೂ ಹಾಕಿ ನೋಡಿ. ಪ್ರಯಾಣ ನಾಲ್ಕೂವರೆ ಗಂಟೆ, ನಮ್ಮ ಗಡಿಯಾರ ಅವರಿಗಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಲ್ಲಿ ಇಳಿಯೋದು ರಾತ್ರಿ 10. ಇಮಿಗ್ರೇಶನ್, ಬ್ಯಾಗ್ ಮುಗಿದು ಹೊರಗೆ ಬರೋದು 11.15, 11.30. ಅಲ್ಲಿಂದ ಮೈಸೂರು ಸುಮಾರು 180 ಕಿಮೀ. ಮಧ್ಯೆ ಕಾಫಿಗೆ ನಿಂತ್ರೆ ಮನೆ ಸೇರೋದು ಬೆಳಗಿನ ಜಾವ 3, 3.30. ಸಿಂಗಪುರದ ಗಡಿಯಾರದಲ್ಲಿ ಅದು 6 ಗಂಟೆ! ಹಡಗಲ್ಲಿ 6ಕ್ಕೆ ಎದ್ದವರು 24 ಗಂಟೆ ಎಚ್ಚರ ಇದ್ದ ಹಾಗಾಯ್ತು. ಎಕ್ಸ್‌ಪ್ರೆಸ್‌ವೇ ನೇರವಾಗಿರೋದ್ರಿಂದ ಆ ಹೊತ್ತಲ್ಲಿ ಡ್ರೈವರ್‌ಗೂ ಕಣ್ಣು ಎಳೆಯುತ್ತೆ, ಅದು ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ.

ಮರುದಿನ 9ರದ್ದು ತಗೊಂಡ್ರೆ ಬೆಂಗಳೂರು ಬೆಳಿಗ್ಗೆ 11, ಹೊರಗೆ ಬರೋದು 12.15. ಹೆಬ್ಬಾಳದ ಸಂಜೆ ಜಂಜಾಟ ಶುರುವಾಗೋ ಮುಂಚೆ ತುಮಕೂರು ರಸ್ತೆ ಹಿಡಿದು ನೈಸ್ ರೋಡ್ ಮೂಲಕ ಮೈಸೂರು ರಸ್ತೆಗೆ ಬಿದ್ದುಬಿಡಬಹುದು. ಸಂಜೆ 4.30ಕ್ಕೆ ಮನೇಲಿ ಕಾಫಿ.

ಗಂಜಾಂ_ಅಂಜೂರ:
ನನ್ನ ಮತವೂ ಮರುದಿನದ್ದಕ್ಕೇ. ಆದರೆ ಒಂದು ವಿಷಯ ಯಾರೂ ಎತ್ತಿಲ್ಲ: ವೀಸಾ. ಹಡಗು ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ವಾಪಸ್ ಬಂದಾಗ ನೀವು ಸಿಂಗಪುರಕ್ಕೆ ಎರಡನೇ ಸಲ ಪ್ರವೇಶ ಮಾಡ್ತೀರಿ. ವೀಸಾ ಪ್ರಿಂಟ್‌ನಲ್ಲಿ ‘ಮಲ್ಟಿಪಲ್ ಜರ್ನಿ’ ಅಂತ ಇದೆಯಾ, ಅವಧಿ ಆ ಹೆಚ್ಚುವರಿ ರಾತ್ರಿಯನ್ನೂ ಒಳಗೊಂಡಿದೆಯಾ, ಎರಡೂ ನೋಡಿ.

ಎರಡನೇದು ಎಸ್‌ಜಿ ಅರೈವಲ್ ಕಾರ್ಡ್, ಅಂದ್ರೆ ಸಿಂಗಪುರಕ್ಕೆ ಬರೋರು ಆನ್‌ಲೈನ್‌ನಲ್ಲಿ ತುಂಬೋ ಪ್ರವೇಶದ ಫಾರ್ಮ್. ಮೊದಲ ದಿನ ವಿಮಾನಕ್ಕೆ ತುಂಬಿದ್ದು ಆ ಪ್ರವೇಶಕ್ಕೆ ಮಾತ್ರ. ಹಡಗಲ್ಲಿ ವಾಪಸ್ ಬರೋದಕ್ಕೆ ಇನ್ನೊಂದು ತುಂಬಬೇಕು, ಅದರಲ್ಲಿ ಪ್ರಯಾಣದ ವಿಧ ಸಮುದ್ರ ಅಂತ ಹಾಕಿ ಹಡಗಿನ ಹೆಸರು ಕೊಡಬೇಕು. ಬಂದಿಳಿಯೋ ದಿನವೂ ಸೇರಿ ಮೂರು ದಿನದೊಳಗೆ ಮಾತ್ರ ತುಂಬೋಕಾಗೋದು. ಸಮುದ್ರದ ಮಧ್ಯೆ ಇಂಟರ್‌ನೆಟ್‌ಗೆ ದುಡ್ಡು ಸುರಿಯೋ ಬದಲು ಫುಕೆಟ್‌ನಲ್ಲಿ ದಡಕ್ಕೆ ಹೋದಾಗಲೇ ಆರು ಜನದ್ದೂ ಮುಗಿಸಿಬಿಡಿ. ಸರ್ಕಾರಿ ವೆಬ್‌ಸೈಟ್‌ನಲ್ಲಿ ಇದು ಉಚಿತ. ಇದಕ್ಕೆ ದುಡ್ಡು ಕೇಳೋ ಸೈಟು ಕಂಡ್ರೆ ಮುಚ್ಚಿಬಿಡಿ.

ಚಾಮುಂಡಿಪುರಂ_ನೋಟ:
ಎರಡನೇ ಅರೈವಲ್ ಕಾರ್ಡ್ ವಿಷಯ ಏಜೆಂಟ್ ಹೇಳೇ ಇರಲಿಲ್ಲ. ತುಂಬಾ ಉಪಕಾರ ಆಯ್ತು. ಕೊನೇ ರಾತ್ರಿ ಬ್ಯಾಗ್ ಹೊರಗಿಡೋದು ಅಂದ್ರಲ್ಲ, ಅದು ಹೇಗೆ?

ಬಂಡಿಪಾಳ್ಯ:
ಕೊನೇ ದಿನ ಮಧ್ಯಾಹ್ನ ಕ್ಯಾಬಿನ್‌ಗೆ ಟ್ಯಾಗ್ ಬರುತ್ತೆ. ಪ್ರತಿ ಬ್ಯಾಗಿಗೂ ಕಟ್ಟಿ ರಾತ್ರಿ 10-11ರೊಳಗೆ ಬಾಗಿಲ ಹೊರಗಿಡಬೇಕು. ಬೆಳಿಗ್ಗೆ ಟರ್ಮಿನಲ್‌ನಲ್ಲಿ ಆ ಬಣ್ಣದ ಸಾಲಲ್ಲಿ ಸಿಗುತ್ತೆ. ಸೂಟ್‌ಕೇಸ್‌ಗಳೆಲ್ಲ ಒಂದೇ ತರ ಕಾಣೋದ್ರಿಂದ ಹಿಡಿಕೆಗೆ ಬಣ್ಣದ ಬಟ್ಟೆ ಚೂರು ಕಟ್ಟಿ, ಟ್ಯಾಗ್ ಕಿತ್ತುಹೋದ್ರೂ ಗುರುತು ಸಿಗುತ್ತೆ.

ಎಡವೋದು ಎಲ್ಲಿ ಅಂದ್ರೆ, ಎಲ್ಲಾ ತುಂಬಿ ಹೊರಗಿಟ್ಟುಬಿಡ್ತಾರೆ. ಬೆಳಿಗ್ಗೆ ಹಾಕ್ಕೊಳ್ಳೋಕೆ ಚಪ್ಪಲಿ ಇರಲ್ಲ, ಬಟ್ಟೆ ಇರಲ್ಲ. ಕೈಚೀಲದಲ್ಲಿ ಉಳೀಬೇಕಾದ್ದು: ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಬಿಪಿ-ಸಕ್ಕರೆ ಮಾತ್ರೆ ಎರಡು ದಿನಕ್ಕಾಗುವಷ್ಟು, ಕನ್ನಡಕ, ಹಲ್ಲಿನ ಸೆಟ್ಟು, ಫೋನ್ ಚಾರ್ಜರ್, ಒಡವೆ, ಒಂದು ಜೊತೆ ಬಟ್ಟೆ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ಅವರೇ ಇಟ್ಕೊಂಡಿರ್ತಾರೆ, ಕೊನೇ ದಿನ ಡೆಕ್ ಪ್ರಕಾರ ವಾಪಸ್ ಕೊಡೋ ಹೊತ್ತು ಪ್ರಕಟಿಸ್ತಾರೆ, ಅದನ್ನ ತಪ್ಪಿಸ್ಕೋಬೇಡಿ. ಹತ್ತುವಾಗ ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡ್, ನೀರು ಕಾಯಿಸೋ ಕೆಟಲ್ ಕಿತ್ತಿಟ್ಕೊಂಡಿದ್ರೆ ಅದನ್ನೂ ಕೇಳಿ ಪಡೀಬೇಕು, ತಾನಾಗಿ ಕ್ಯಾಬಿನ್‌ಗೆ ಬರಲ್ಲ.

ತೂಕ ಮರೀಬೇಡಿ. ಹಡಗಲ್ಲಿ ತೂಕದ ಮಿತಿ ಕೇಳೋರಿಲ್ಲ ಅಂತ ಜನ ಕೊಂಡದ್ದೇ ಕೊಂಡದ್ದು. ವಿಮಾನದ ಕೌಂಟರ್‌ನಲ್ಲಿ ಮಿತಿ ಇದೆ. ಕೈಯಲ್ಲಿ ಹಿಡಿದು ತೂಗೋ ಸಣ್ಣ ತಕ್ಕಡಿ ಒಂದು ಜೊತೇಲಿರಲಿ, ಬ್ಯಾಗ್ ಹೊರಗಿಡೋ ಮುಂಚೆಯೇ ಆರು ಬ್ಯಾಗ್‌ಗೂ ಹಂಚಿಬಿಡಿ.

ನಂಜನಗೂಡು_ರಸಬಾಳೆ:
ಪವರ್ ಬ್ಯಾಂಕ್ ಬಗ್ಗೆ ಸೇರಿಸ್ತೀನಿ. ಹಡಗಿನ ಬ್ಯಾಗಲ್ಲಿ ಹಾಕಿದ್ದನ್ನ ಜನ ಹಾಗೇ ವಿಮಾನದ ಚೆಕ್-ಇನ್‌ಗೆ ಕೊಟ್ಟುಬಿಡ್ತಾರೆ. ಬೆಲ್ಟ್‌ನಲ್ಲಿ ಸಿಕ್ಕಿಬಿದ್ದು ಬ್ಯಾಗ್ ಬಿಚ್ಚಬೇಕಾಗುತ್ತೆ. ಅದು ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಇರೋದನ್ನ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ಬರುತ್ತೆ, ತೊಂದರೆ ಇಲ್ಲ. 30,000 ಆದ್ರೆ 111, ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಸಿಂಗಪುರ ಏರ್‌ಲೈನ್ಸ್‌ನಲ್ಲಿ 2025ರ ಏಪ್ರಿಲ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್‌ನಿಂದ ಫೋನ್ ಚಾರ್ಜ್ ಮಾಡೋದೂ ನಿಷೇಧ.

ಸಕ್ಕರೆನಾಡು_71:
ಹಡಗಿನ ಅಂಗಡೀಲಿ ಬಾಟ್ಲಿ ಅಗ್ಗ. ಎರಡು ಲೀಟರ್ ಅಲ್ಲೇ ತಗೊಂಡು ಬಂದುಬುಡಿ, ಬೆಂಗಳೂರಲ್ಲಿ ಹೆಂಗೂ ತಲಾ ಎರಡು ಲೀಟರ್ ಬಿಡ್ತಾರೆ.

ಗಂಜಾಂ_ಅಂಜೂರ:
ಬೆಂಗಳೂರಿನ ಎರಡು ಲೀಟರ್ ಸರಿ. ಆದರೆ ನಡುವೆ ಸಿಂಗಪುರದ ಕಸ್ಟಮ್ಸ್ ಇದೆ, ಅದನ್ನ ಮರೆತ್ರಿ. ಅಲ್ಲಿ ಸುಂಕವಿಲ್ಲದೆ ಮದ್ಯ ತರಬೇಕಂದ್ರೆ 48 ಗಂಟೆಯಾದ್ರೂ ಸಿಂಗಪುರದ ಹೊರಗಿದ್ದಿರಬೇಕು, ಮತ್ತೆ ಮಲೇಷ್ಯಾದಿಂದ ಬರ್ತಿರಬಾರದು. ಹಡಗು ಕೊನೆಗೆ ಮುಟ್ಟೋದು ಪೆನಾಂಗ್ ಆದ್ರೆ ಆ ರಿಯಾಯಿತಿಯೇ ಇಲ್ಲ. ಸಿಗರೇಟಿಗಂತೂ ಸಿಂಗಪುರದಲ್ಲಿ ಯಾವ ರಿಯಾಯಿತಿಯೂ ಇಲ್ಲ, ಒಂದು ಪ್ಯಾಕ್ ಇದ್ರೂ ಘೋಷಿಸಿ ಸುಂಕ ಕಟ್ಟಬೇಕು. ಇ-ಸಿಗರೇಟ್ ಎರಡೂ ದೇಶದಲ್ಲಿ ನಿಷೇಧ. ಹಿರಿಯರು ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕ್ಕೊಳ್ಳೋರಾದ್ರೆ ಅದನ್ನ ಮನೇಲೇ ಬಿಟ್ಟು ಹೋಗಲಿ, ಅಗಿಯೋ ತಂಬಾಕು ಸಿಂಗಪುರಕ್ಕೆ ತರೋ ಹಾಗೇ ಇಲ್ಲ. ಚೂಯಿಂಗ್ ಗಮ್ಮೂ ಅಷ್ಟೆ.

ಬಾಟ್ಲಿ ಬೇಕೇ ಬೇಕು ಅಂದ್ರೆ ಚಾಂಗಿಯಲ್ಲಿ ಇಮಿಗ್ರೇಶನ್ ದಾಟಿದ ಮೇಲೆ ತಗೊಳ್ಳಿ, ಅಥವಾ ಬೆಂಗಳೂರಲ್ಲಿ ಇಳಿದ ಮೇಲೆ ಬ್ಯಾಗ್ ಬೆಲ್ಟ್ ಹತ್ತಿರದ ಡ್ಯೂಟಿ ಫ್ರೀಯಲ್ಲಿ.

ಸಕ್ಕರೆನಾಡು_71:
ಮಲೇಷ್ಯಾ ಷರತ್ತು ಗೊತ್ತಿರಲಿಲ್ಲ ಅಕ್ಕ. ಆ ಮಾತು ವಾಪಸ್ ತಗೊಂಡೆ.

ಕೆರೆತೊಣ್ಣೂರು:
ಫುಕೆಟ್ ಕಡಲತೀರದಲ್ಲಿ ಹವಳದ ಚೂರು ಆರಿಸಿ ಮಕ್ಕಳಿಗೆ ಅಂತ ತರೋರಿಗೆ: ಥಾಯ್ಲೆಂಡ್‌ನಲ್ಲೂ ಅಪರಾಧ, ನಮ್ಮ ವನ್ಯಜೀವಿ ಕಾಯ್ದೆಯಲ್ಲೂ ಹವಳ ಸಂರಕ್ಷಿತ. ಆರ್ಕಿಡ್ ಗಿಡ, ಬೀಜ ಕೂಡ ಸಸ್ಯ ಕ್ವಾರಂಟೈನ್ ಪರವಾನಗಿ ಇಲ್ಲದೆ ತರೋ ಹಾಗಿಲ್ಲ. ದಯವಿಟ್ಟು ಬೇಡ.

ಬೋಗಾದಿ_ಬೆಳಕು:
ಸಿಂಗಪುರದ ಅಂಗಡಿ ಖರೀದಿಗೆ ಜಿಎಸ್‌ಟಿ ವಾಪಸ್ ಬರುತ್ತಲ್ಲ, ಅದು ಹೇಗೆ?

ಗಂಜಾಂ_ಅಂಜೂರ:
ಅಲ್ಲಿ ಜಿಎಸ್‌ಟಿ 9%. ವಾಪಸಾತಿ ಯೋಜನೆಯಲ್ಲಿರೋ ಅಂಗಡೀಲಿ ಕನಿಷ್ಠ 100 ಸಿಂಗಪುರ ಡಾಲರ್ ಖರೀದಿ ಆಗಿರಬೇಕು, ಬಿಲ್ ಮಾಡುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ಸಾಮಾನು ಕೊಂಡ ಎರಡು ತಿಂಗಳೊಳಗೆ ದೇಶದಿಂದ ಹೊರಗೆ ಹೋಗಬೇಕು. ಚಾಂಗಿಯ ಇಟಿಆರ್‌ಎಸ್ ಯಂತ್ರದಲ್ಲಿ ಅರ್ಜಿ ಹಾಕಿ. ಆ ಸಾಮಾನು ಚೆಕ್-ಇನ್ ಬ್ಯಾಗಿಗೆ ಹೋಗೋದಾದ್ರೆ ಬ್ಯಾಗ್ ಕೊಡೋ ಮುಂಚೆ ಹೊರಗಿನ ಯಂತ್ರದಲ್ಲೇ ಮಾಡಬೇಕು, ಕಸ್ಟಮ್ಸ್‌ನವರು ನೋಡೋಕೆ ಕೇಳಬಹುದು. ಬ್ಯಾಗ್ ಕೊಟ್ಟ ಮೇಲೆ ಒಳಗೆ ಹೋಗಿ ನೆನಪಾದ್ರೆ ತೋರಿಸೋಕೆ ಸಾಮಾನೇ ಇರಲ್ಲ.

ಕಿವಿಮೂಗುಗಂಟಲು:
ಲಗೇಜು, ಬಾಟ್ಲಿ ಮಾತಾಯ್ತು, ದೇಹದ ವಿಷಯ ಯಾರೂ ಹೇಳಲಿಲ್ಲ. ಹಡಗಿಂದ ಇಳಿದ ಮೇಲೆ ನೆಲವೇ ತೂಗಿದ ಹಾಗೆ ಅನ್ನಿಸೋದು ಬಹಳ ಜನಕ್ಕೆ ಆಗುತ್ತೆ. ಒಳಕಿವಿಯಲ್ಲಿರೋ ಸಮತೋಲನದ ವ್ಯವಸ್ಥೆ ನಾಲ್ಕೈದು ದಿನದಲ್ಲಿ ಅಲೆಯ ಲಯಕ್ಕೆ ಒಗ್ಗಿಕೊಂಡಿರುತ್ತೆ. ನೆಲ ಸ್ಥಿರವಾದ್ರೂ ಮಿದುಳು ಆ ಲಯವನ್ನ ಕೂಡಲೇ ಬಿಡಲ್ಲ. ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತೆ.

ಗಮನಿಸಬೇಕಾದ್ದು ಏನಂದ್ರೆ, ವಿಮಾನ, ಕಾರು ಚಲಿಸ್ತಿರುವಾಗ ಇದು ಗೊತ್ತೇ ಆಗಲ್ಲ. ಇಳಿದು ನಿಂತಾಗ, ಸ್ನಾನದ ಮನೇಲಿ ಕಣ್ಣು ಮುಚ್ಚಿದಾಗ, ಮಲಗಿದಾಗ ಬರುತ್ತೆ. ಹಿರಿಯರು ಬಿದ್ದು ಸೊಂಟ ಮುರ್ಕೊಳ್ಳೋದು ಇಂಥ ಹೊತ್ತಲ್ಲೇ. ಮೊದಲ ಎರಡು ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿರಲಿ, ಗೋಡೆ ಹಿಡ್ಕೊಂಡು ನಡೀಲಿ. ತೂಗಾಟ ಇರೋ ದಿನ ಕಾರು ಓಡಿಸೋದು ಬೇಡ. ಹಡಗಲ್ಲಿ ತಗೊಳ್ತಿದ್ದ ವಾಂತಿ ಮಾತ್ರೆ ಇದಕ್ಕೆ ಹೆಚ್ಚು ಕೆಲಸ ಮಾಡಲ್ಲ, ಜೊತೆಗೆ ನಿದ್ದೆ ಬರಿಸುತ್ತೆ. ಬೆಳಕಲ್ಲಿ ನಡೆದಾಡೋದು, ದೂರದ ಒಂದು ವಸ್ತು ನೋಡೋದು, ನೀರು ಕುಡಿಯೋದು ಸಾಕು. ತಿಂಗಳು ದಾಟಿದ್ರೂ ಹೋಗದಿದ್ರೆ ಕಿವಿ ಅಥವಾ ನರ ವೈದ್ಯರನ್ನ ನೋಡಬೇಕು.

ನೆಗಡಿ ಹಿಡಿದಿದ್ರೆ ವಿಮಾನ ಇಳಿಯುವಾಗ ಕಿವಿ ನೋವು ಜೋರಾಗಿ ಬರುತ್ತೆ, ಮೂಗಿನ ಹಿಂದಿಂದ ಕಿವಿಗೆ ಹೋಗೋ ನಾಳ ಊದಿಕೊಂಡಿರೋದೇ ಕಾರಣ. ಇಳಿಯೋಕೆ ಅರ್ಧ ಗಂಟೆ ಮುಂಚೆ ಮೂಗಿನ ಹನಿ ಹಾಕ್ಕೊಳ್ಳಿ, ಬಿಪಿ ಇರೋರು ತಮ್ಮ ಡಾಕ್ಟರನ್ನ ಮೊದಲೇ ಕೇಳಿರಲಿ. ಇಳಿಯುವಾಗ ನಿದ್ದೆ ಮಾಡಬೇಡಿ, ಉಗುಳು ನುಂಗ್ತಾ ಇರಿ.

ಬೋಗಾದಿ_ಬೆಳಕು:
ಹಡಗಲ್ಲಿ ವಾಂತಿ ಭೇದಿ ಹರಡುತ್ತೆ ಅಂತಾರಲ್ಲ ಡಾಕ್ಟ್ರೇ, ಬಾಗಿಲಲ್ಲಿ ಸ್ಯಾನಿಟೈಸರ್ ಹಾಕ್ತಾರೆ, ಸಾಕಲ್ವಾ?

ಕಿವಿಮೂಗುಗಂಟಲು:
ಸಾಲದು. ಅದು ಹೆಚ್ಚಾಗಿ ನೊರೊವೈರಸ್, ಆಲ್ಕೊಹಾಲ್ ಸ್ಯಾನಿಟೈಸರ್‌ಗೆ ಸರಿಯಾಗಿ ಸಾಯಲ್ಲ. ಸೋಪು ಹಾಕಿ 20 ಸೆಕೆಂಡ್ ಕೈ ತೊಳೀಬೇಕು. ಕೊನೇ ದಿನ ಶುರುವಾದ್ರೆ ಮುಚ್ಚಿಡದೆ ಹಡಗಿನ ಡಾಕ್ಟರಿಗೆ ಹೇಳಿ. ಓಆರ್‌ಎಸ್ ಪ್ಯಾಕೆಟ್ ಕೈಚೀಲದಲ್ಲಿರಲಿ.

ಬಂಡಿಪಾಳ್ಯ:
ಹಡಗಿನ ಡಾಕ್ಟರ್ ಅಂದ್ರೆ ಬಿಲ್ಲೂ ಇದೆ. ಅಲ್ಲಿ ಮೊದಲು ದುಡ್ಡು, ಇನ್ಶೂರೆನ್ಸ್ ಆಮೇಲೆ. ಕ್ಲೇಮ್‌ಗೆ ಬೇಕಾದ ವಿವರವಾದ ಬಿಲ್, ಡಾಕ್ಟರ್ ಬರೆದ ವರದಿ, ಮದ್ದಿನ ಚೀಟಿ ಮೂರನ್ನೂ ಇಳಿಯೋ ಮುಂಚೆಯೇ ಪಡ್ಕೊಳ್ಳಿ. ಮನೆಗೆ ಬಂದು ಇಮೇಲ್‌ನಲ್ಲಿ ಕೇಳಿದ್ರೆ ವಾರಗಟ್ಟಲೆ ಎಳೆಯುತ್ತೆ. ಹಡಗು ತಡವಾಗಿ ವಿಮಾನ ತಪ್ಪಿದ್ರೂ ಹಾಗೇ, ತಡವಾದ ಬಗ್ಗೆ ಗೆಸ್ಟ್ ಸರ್ವಿಸಸ್‌ನಿಂದ ಒಂದು ಪತ್ರ ಬೇಕು.

ಹೇಮಾವತಿ_ನಾಲೆ:
ಬಿಲ್ ಅಂದಾಗ ನೆನಪಾಯ್ತು. ಹಡಗಿನ ಖಾತೆಯನ್ನ ಕೊನೇ ದಿನ ಸಂಜೆಯೇ ಆ್ಯಪ್‌ನಲ್ಲಿ ಅಥವಾ ಕ್ಯಾಬಿನ್ ಟಿವಿಯಲ್ಲಿ ಸಾಲು ಸಾಲಾಗಿ ನೋಡಿ. ತಪ್ಪು ಕೂರೋದು ಸಾಮಾನ್ಯವಾಗಿ ಮಿನಿಬಾರ್, ಎರಡು ಸಲ ಬಿದ್ದ ಫೋಟೋ ದರ, ರದ್ದು ಮಾಡಿದ ವಿಹಾರದಲ್ಲಿ. ಬೆಳಿಗ್ಗೆ ಕೌಂಟರ್ ಸಾಲು ಉದ್ದ, ಇಳಿದ ಮೇಲೆ ವಾದ ಮಾಡೋಕೆ ಎದುರಿಗೆ ಯಾರೂ ಇರಲ್ಲ. ಇಳಿಯೋ ಮುಂಚೆ ಪ್ರಿಂಟ್ ತಗೊಳ್ಳಿ.

ಡೆಬಿಟ್ ಕಾರ್ಡ್, ಫೋರೆಕ್ಸ್ ಕಾರ್ಡ್ ಕೊಟ್ಟಿದ್ರೆ ಹಡಗಿನವರು ದಿನದಿನಕ್ಕೂ ಒಂದಿಷ್ಟು ಮೊತ್ತ ತಡೆಹಿಡಿದಿರ್ತಾರೆ. ಬಿಲ್ ಕಟ್ಟಿದ ಮೇಲೂ ಆ ತಡೆ ಬಿಡೋಕೆ ಹಲವು ದಿನ ಬೇಕು. ಚಾಂಗಿಗೆ ಬಂದು ಕಾರ್ಡ್ ಉಜ್ಜಿದ್ರೆ ಬ್ಯಾಲೆನ್ಸ್ ಇಲ್ಲ ಅನ್ನುತ್ತೆ. ಹಡಗಿಗೆ ಕ್ರೆಡಿಟ್ ಕಾರ್ಡ್, ದಡಕ್ಕೆ ಫೋರೆಕ್ಸ್ ಕಾರ್ಡ್ ಅಂತ ಬೇರೆ ಬೇರೆ ಇಟ್ಕೊಳ್ಳಿ. ರೂಪಾಯಿಯಲ್ಲಿ ಕಟ್ತೀರಾ ಅಂತ ಯಂತ್ರ ಕೇಳಿದ್ರೆ ಬೇಡ ಅನ್ನಿ, ಆ ವಿನಿಮಯ ದರ ಯಾವಾಗಲೂ ದುಬಾರಿ.

ಮಂಡಕಳ್ಳಿ_ಎಟಿಆರ್:
ಬೆಂಗಳೂರೇ ಯಾಕೆ? ಸಿಂಗಪುರದಿಂದ ಚೆನ್ನೈ, ಅಲ್ಲಿಂದ ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ. ರಸ್ತೆ ಪ್ರಯಾಣವೇ ಇಲ್ಲ.

ಕುಕ್ಕರಹಳ್ಳಿ_ವಾಕರ್:
ಕಾಗದದ ಮೇಲೆ ಚೆಂದ. ಆದರೆ ಭಾರತದಲ್ಲಿ ಮೊದಲು ಇಳಿಯೋ ನಿಲ್ದಾಣದಲ್ಲೇ ಇಮಿಗ್ರೇಶನ್, ಬ್ಯಾಗ್, ಕಸ್ಟಮ್ಸ್ ಎಲ್ಲ ಮುಗಿಸಬೇಕು. ಚೆನ್ನೈನಲ್ಲಿ ಆರು ಬ್ಯಾಗ್ ಎತ್ತಿ ಮತ್ತೆ ಕೊಡಬೇಕು. ಬೇರೆ ಬೇರೆ ಟಿಕೆಟ್ ಆದ್ರೆ ದೇಶೀ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿ ಅಷ್ಟೆ, ಮಿಕ್ಕಿದ್ದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು. ಮೈಸೂರಿನ ರನ್‌ವೇ 1,740 ಮೀಟರ್, ದೊಡ್ಡ ವಿಮಾನ ಇಳಿಯಲ್ಲ, ಇರೋ ಸಣ್ಣ ಎಟಿಆರ್ ವಿಮಾನದ ಸೇವೆಯೂ ಕಡಿಮೆ. ಒಂದು ತಪ್ಪಿದ್ರೆ ಅವತ್ತಿಗೆ ಇನ್ನೊಂದು ಸಿಗೋದು ಕಷ್ಟ.

ಮಂಡಕಳ್ಳಿ_ಎಟಿಆರ್:
ಅದಕ್ಕೇ ರನ್‌ವೇ ವಿಸ್ತರಣೆ ಬೇಕು ಅಂತ ನಾವೆಲ್ಲ ಕೂಗ್ತಿರೋದು. ಮೈಸೂರಿನಂಥ ಊರಿಗೆ ಬರೋಕೆ ಇನ್ನೊಂದು ಊರಿನ ಟ್ರಾಫಿಕ್ ಯಾಕೆ ದಾಟಬೇಕು?

ಒಂಟಿಕೊಪ್ಪಲ್:
ಅದಕ್ಕೆ ಬೇರೆ ಚರ್ಚೆ ತೆಗೀರಿ, ನಾನೂ ಬರ್ತೀನಿ. ಇಲ್ಲಿ ಬೇಡ.

ಸಕ್ಕರೆನಾಡು_71:
ಬೆಂಗಳೂರಿಂದ ಈಚೆಗಿನದು ನಾನು ಹೇಳ್ತೀನಿ. ಅಂತರರಾಷ್ಟ್ರೀಯ ವಿಮಾನ ಎಲ್ಲಾ 2023ರ ಸೆಪ್ಟೆಂಬರ್ 12ರಿಂದ ಟರ್ಮಿನಲ್ 2ಕ್ಕೆ ಬರೋದು. ಕಾರಿನವನಿಗೆ ಟರ್ಮಿನಲ್ 2 ಅಂತ ಬಿಡಿಸಿ ಹೇಳಿ. ಆರು ಜನ, ಆರು ದೊಡ್ಡ ಬ್ಯಾಗ್ ಅಂದ್ರೆ ಏಳು ಸೀಟಿನ ಕಾರೂ ಸಾಲದು, ಹಿಂದಿನ ಸೀಟು ಬಳಸಿದ್ರೆ ಬ್ಯಾಗಿಗೆ ಜಾಗ ಇರಲ್ಲ. ಮೇಲೆ ಕ್ಯಾರಿಯರ್ ಇರೋ ಗಾಡಿ, ಇಲ್ಲಾಂದ್ರೆ ಟೆಂಪೋ ಟ್ರಾವೆಲರ್.

ಬಸ್ ಬೇಕಂದ್ರೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಏರ್‌ಪೋರ್ಟಿಂದ ನೇರ ಮೈಸೂರಿಗೆ ಐತೆ. ವಿಮಾನ ತಡವಾಗೋ ಸಾಧ್ಯತೆ ಇರೋದ್ರಿಂದ ಇಳಿಯೋ ಹೊತ್ತಿಗೆ ಎರಡು ಗಂಟೆಯಾದ್ರೂ ಬಿಟ್ಟು ಟಿಕೆಟ್ ಮಾಡಿ. ಮಂಡ್ಯದೋರು ನಿಲುಗಡೆ ಪಟ್ಟಿ ನೋಡ್ದೆ ಹತ್ತಬ್ಯಾಡಿ. ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದಕ್ಕೂ ಬೈಪಾಸ್ ಹಾಕ್ಕೊಂಡೇ ಹೋಗ್ತದೆ. ಕಾರಲ್ಲಿ ಬರೋರೂ ಡ್ರೈವರ್‌ಗೆ ಮಂಡ್ಯದ ಎಕ್ಸಿಟ್ ಮೊದಲೇ ಹೇಳಿ, ತಪ್ಪಿದ್ರೆ ಗಣಂಗೂರು ಟೋಲ್ ಕಡೆಗೆ ಹೋಗಿ ಸುತ್ತು ಹಾಕಬೇಕು.

ಬೋಗಾದಿ_ಬೆಳಕು:
ಮದ್ದೂರು ವಡೆ ತಿನ್ನಬೇಕಂದ್ರೂ ಹಳೇ ರಸ್ತೆಗೇ ಇಳೀಬೇಕಲ್ಲ ಈಗ.

ಸಕ್ಕರೆನಾಡು_71:
ಇಳೀರಿ. ಐದು ದಿನ ಹಡಗಿನ ಊಟ ಉಂಡೋರಿಗೆ ಬಿಸಿ ವಡೆ, ಕಾಯಿ ಚಟ್ನಿಗಿಂತ ಬೇರೆ ಏನು ಬೇಕು. ಹದಿನೈದು ನಿಮಿಷ ತಡ ಆದ್ರೂ ಪರವಾಗಿಲ್ಲ, ಕಾಲೂ ಆಡ್ತದೆ.

ಕೆರೆತೊಣ್ಣೂರು:
ವಿಮಾನದ ಸಸ್ಯಾಹಾರಿ ಊಟ 24 ಗಂಟೆ ಮುಂಚೆ ಹೇಳಿರಬೇಕು. ವೀಲ್‌ಚೇರ್‌ಗೆ 48 ಗಂಟೆ. ಎರಡೂ ಹಡಗು ಹತ್ತೋ ಮುಂಚೆಯೇ ಮುಗಿಸಿ, ಸಮುದ್ರದಲ್ಲಿ ಫೋನ್ ಇರಲ್ಲ. ಅಂದಹಾಗೆ ಹಡಗಿನ ಮೊಬೈಲ್ ನೆಟ್‌ವರ್ಕ್ ಉಪಗ್ರಹದ್ದು, ರೋಮಿಂಗ್ ಪ್ಯಾಕ್‌ಗೆ ಸೇರಲ್ಲ. ಬಂದರು ಬರೋವರೆಗೂ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ.

ನಂಜನಗೂಡು_ರಸಬಾಳೆ:
ಇಮಿಗ್ರೇಶನ್ ಸಾಲು ಬೇಡ ಅನ್ನೋರು ಹೋಗೋ ಮುಂಚೆ ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್‌ಗೆ ನೋಂದಾಯಿಸಿ. ಬೆಂಗಳೂರಲ್ಲಿ 2025ರ ಜನವರಿಯಿಂದ ಇದೆ, ಉಚಿತ. ಆನ್‌ಲೈನ್ ಅರ್ಜಿ, ಆಮೇಲೆ ಬೆರಳಚ್ಚು, ಫೋಟೋ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಅವಧಿ ಇರಬೇಕು.

ಬೋಗಾದಿ_ಬೆಳಕು:
ವೀಸಾ ರಗಳೆಯೇ ಬೇಡ ಅಂದ್ರೆ ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗೋ ಹಡಗು ಇದೆಯಲ್ಲ?

ಹೇಮಾವತಿ_ನಾಲೆ:
ಇದೆ, ದೇಶದೊಳಗಿನ ಯಾನಕ್ಕೆ ಸರ್ಕಾರಿ ಫೋಟೋ ಗುರುತಿನ ಚೀಟಿ ಸಾಕು. ಆದರೆ ವಾಪಸ್ ಟಿಕೆಟ್ ಮಾಡುವಾಗ ಯಾವ ನಿಲ್ದಾಣ ಅಂತ ನೋಡಿ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣದಲ್ಲೂ ವಿಮಾನ ಹಾರಾಟ ಶುರುವಾಗಿದೆ. ಟಿಕೆಟ್‌ನಲ್ಲಿ ಬಿಒಎಂ ಅಂದ್ರೆ ಹಳೇದು, ಎನ್‌ಎಂಐ ಅಂದ್ರೆ ಹೊಸದು. ಹಡಗು ನಿಲ್ಲೋ ಬ್ಯಾಲಾರ್ಡ್ ಪಿಯರ್‌ನಿಂದ ಎರಡಕ್ಕೂ ದಾರಿ ಬೇರೆ ಬೇರೆ. ತಪ್ಪು ಕಡೆ ಹೋದ್ರೆ ತಿದ್ದಿಕೊಳ್ಳೋಕೆ ಹೊತ್ತು ಸಿಗಲ್ಲ.

ಗಂಜಾಂ_ಅಂಜೂರ:
ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಬರೋಣ, ವಿಮಾನದಲ್ಲಿ ಕೂತು ಬರೆಯೋದು. ಇದನ್ನ ನಾನು ಬಹಳ ಮುಖ್ಯ ಅಂತೀನಿ. ಮನೆಗೆ ಬಂದು ಒಂದು ವಾರ ಆದ್ರೆ ನೆನಪಲ್ಲಿ ಸೂರ್ಯಾಸ್ತ ಮಾತ್ರ ಉಳಿಯುತ್ತೆ. ನಾಲ್ಕೂವರೆ ಗಂಟೆ ಸಿಗುತ್ತೆ, ಹಡಗಿನ ಬಿಲ್ ಪ್ರಿಂಟ್ ಮುಂದಿಟ್ಕೊಂಡು ಶುರು ಮಾಡಿ.

ಮೊದಲು ಕ್ಯಾಬಿನ್. ನಂಬರ್, ಡೆಕ್, ಹಡಗಿನ ಮುಂದೋ ಮಧ್ಯವೋ ಹಿಂದೋ, ಮೇಲೆ ಕೆಳಗೆ ಏನಿತ್ತು. ಕೆಳಗಿನ ಡೆಕ್‌ನ ಮಧ್ಯಭಾಗದಲ್ಲಿ ತೂಗಾಟ ಎಲ್ಲಕ್ಕಿಂತ ಕಡಿಮೆ. ಈಜುಕೊಳದ ಡೆಕ್ ಕೆಳಗಿನ ಕ್ಯಾಬಿನ್‌ನಲ್ಲಿ ಬೆಳಗಿನ ಜಾವವೇ ಕುರ್ಚಿ ಎಳೆಯೋ ಸದ್ದು. ಮುಂದಿನವರಿಗೆ ಇದಕ್ಕಿಂತ ಒಳ್ಳೇ ಮಾಹಿತಿ ಇಲ್ಲ. ಬಾಲ್ಕನಿಗೆ ಹೆಚ್ಚು ಕೊಟ್ಟಿದ್ರೆ ಅಲ್ಲಿ ಎಷ್ಟು ಗಂಟೆ ಕೂತ್ರಿ ಅಂತ ಪ್ರಾಮಾಣಿಕವಾಗಿ ಬರೀರಿ. ಪಾನೀಯ ಪ್ಯಾಕೇಜ್ ತಗೊಂಡಿದ್ರೆ ದಿನದ ದರವನ್ನ ಒಂದು ಲೋಟದ ಬೆಲೆಯಿಂದ ಭಾಗಿಸಿ, ಅಷ್ಟು ಲೋಟ ಕುಡಿದ್ರಾ ನೋಡಿ. ಕಾಫಿ, ಜ್ಯೂಸ್ ಅಷ್ಟೇ ಕುಡಿಯೋ ಮನೆಯವರಿಗೆ ಅದು ಗಿಟ್ಟೋದು ಅಪರೂಪ.

ಆಮೇಲೆ ಬಂದರುಗಳು. ಪೆನಾಂಗ್‌ನಲ್ಲಿ ಹಡಗು ಸ್ವೆಟನ್‌ಹ್ಯಾಮ್ ಪಿಯರ್‌ಗೆ ನೇರ ಹತ್ತುತ್ತೆ, ಜಾರ್ಜ್ ಟೌನ್ ಅಲ್ಲಿಂದ ನಡಿಗೆ ದೂರ. 2008ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು, ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಮಾರಿಯಮ್ಮನ್ ದೇವಸ್ಥಾನ, ಸುತ್ತ ಲಿಟ್ಲ್ ಇಂಡಿಯಾದ ಇಡ್ಲಿ ದೋಸೆ. ದುಡ್ಡು ಕೊಟ್ಟು ಹಡಗಿನ ವಿಹಾರ ತಗೊಳ್ಳೋ ಅಗತ್ಯ ಅಲ್ಲಿ ಇಲ್ಲ. ಫುಕೆಟ್ ಬೇರೆ. ದೊಡ್ಡ ಹಡಗು ಹೆಚ್ಚಾಗಿ ಪಟೋಂಗ್ ಕೊಲ್ಲಿಯಲ್ಲೇ ಲಂಗರು ಹಾಕುತ್ತೆ, ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಅಲೆ ಇದ್ದಾಗ ದೋಣಿಗೆ ಹೆಜ್ಜೆ ಇಡೋದು ಮಂಡಿ ನೋವಿನವರಿಗೆ ಕಷ್ಟ. ಹಿರಿಯರಿಗೆ ಅದು ಆಯ್ತಾ, ದೋಣಿಗೆ ಎಷ್ಟು ಹೊತ್ತು ಕಾದ್ರಿ, ವಾಪಸ್ ಕೊನೇ ದೋಣಿ ಎಷ್ಟೊತ್ತಿಗಿತ್ತು, ಎಲ್ಲ ಬರೀರಿ.

ಕುಕ್ಕರಹಳ್ಳಿ_ವಾಕರ್:
ವಿಹಾರದ ಬಗ್ಗೆ ಸಣ್ಣ ತಿದ್ದುಪಡಿ. ಪೆನಾಂಗ್‌ನಲ್ಲಿ ಪಿಯರ್ ಸುತ್ತ ನಡೆಯೋದಾದ್ರೆ ನಿಮ್ಮ ಮಾತು ಸರಿ. ಪೆನಾಂಗ್ ಬೆಟ್ಟದ ಕಡೆ ಹೋಗೋದಾದ್ರೆ ಹಡಗಿನ ವಿಹಾರಕ್ಕೂ ಒಂದು ಬೆಲೆ ಇದೆ, ಟ್ರಾಫಿಕ್‌ನಲ್ಲಿ ಸಿಕ್ಕಿದ್ರೆ ಹಡಗು ಕಾಯೋದು ತನ್ನ ವಿಹಾರದವರಿಗೆ ಮಾತ್ರ. ಇನ್ನೊಂದು, ಫುಕೆಟ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಫೋನ್ ತಾನಾಗಿ ಬದಲಾಗುತ್ತೆ, ಹಡಗಿನ ಸಮಯ ಬದಲಾಗದೇ ಇರಬಹುದು. ಕೈಗಡಿಯಾರವನ್ನ ಹಡಗಿನ ಸಮಯಕ್ಕೇ ಇಟ್ಟಿರಿ, ಇಳಿಯೋ ಬೆಳಿಗ್ಗೆಯ ಅಲಾರಂ ಕೂಡ ಅದರಲ್ಲೇ.

ಗಂಜಾಂ_ಅಂಜೂರ:
ಬೆಟ್ಟದ ವಿಷಯ ಒಪ್ಪಿದೆ.

ಚಾಮುಂಡಿಪುರಂ_ನೋಟ:
ಮನೇಲಿ ಎಲ್ಲರಿಗೂ ಓದಿ ಹೇಳಿದೆ. ಮರುದಿನ ಬೆಳಿಗ್ಗೆ 9ರದ್ದೇ ಅಂತ ತೀರ್ಮಾನ ಆಯ್ತು. ವೀಸಾ ನೋಡಿದೆ, ಮಲ್ಟಿಪಲ್ ಇದೆ, ಅವಧಿಯೂ ಸಾಕು. ವೀಲ್‌ಚೇರ್ ಎರಡು ಇವತ್ತೇ ಬರೆಸ್ತೀನಿ. ಒಂದೇ ಪ್ರಶ್ನೆ ಉಳೀತು: ಆ ಒಂದು ರಾತ್ರಿ ಉಳಿಯೋದು ಮರೀನಾ ಬೇ ಹತ್ತಿರವೋ, ಚಾಂಗಿ ಹತ್ತಿರವೋ? ಮತ್ತೆ ಟರ್ಮಿನಲ್‌ನಿಂದ ಮೆಟ್ರೋದಲ್ಲಿ ಹೋಗಬಹುದಾ?

ಹೇಮಾವತಿ_ನಾಲೆ:
ಮೆಟ್ರೋ ಇದೆ, ಟರ್ಮಿನಲ್ ಪಕ್ಕದ ಮರೀನಾ ಸೌತ್ ಪಿಯರ್ ನಿಲ್ದಾಣ. ಚಾಂಗಿಗೆ ಹೋಗೋಕೆ ರಾಫೆಲ್ಸ್ ಪ್ಲೇಸ್ ಅಥವಾ ಸಿಟಿ ಹಾಲ್‌ನಲ್ಲಿ ಒಮ್ಮೆ, ತಾನಾ ಮೇರಾದಲ್ಲಿ ಇನ್ನೊಮ್ಮೆ ರೈಲು ಬದಲಿಸಬೇಕು, ಹತ್ತಿರ ಹತ್ತಿರ ಒಂದು ಗಂಟೆ. ಹಿರಿಯರು, ದೊಡ್ಡ ಬ್ಯಾಗ್ ಇಟ್ಕೊಂಡು ಬೇಡ. ಸಾಮಾನ್ಯ ಟ್ಯಾಕ್ಸಿಗೆ ನಾಲ್ಕೇ ಜನ, ನಿಮಗೆ ಎರಡು ಬೇಕು, ಇಲ್ಲಾ ಮೊದಲೇ ಮ್ಯಾಕ್ಸಿಕ್ಯಾಬ್ ಹೇಳಿಡಿ.

ಉಳಿಯೋದು ಚಾಂಗಿ ಕಡೆಯೇ ಸರಿ. 9ರ ವಿಮಾನಕ್ಕೆ 6.30ಕ್ಕೆ ನಿಲ್ದಾಣದಲ್ಲಿರಬೇಕು, ಊರ ಮಧ್ಯೆ ಉಳಿದ್ರೆ 5ಕ್ಕೇ ಏಳಬೇಕು.

ಕುಕ್ಕರಹಳ್ಳಿ_ವಾಕರ್:
ಹೋಟೆಲ್ ರೂಮು ಸಿಗೋದು ಮಧ್ಯಾಹ್ನ 2-3ಕ್ಕೆ, ನೀವು 10.30ಕ್ಕೇ ಹೊರಗಿರ್ತೀರಿ. ಬ್ಯಾಗ್ ಹೋಟೆಲ್‌ನಲ್ಲೇ ಇಟ್ಕೋತಾರಾ ಅಂತ ಬುಕ್ ಮಾಡುವಾಗಲೇ ಕೇಳಿ. ಇಟ್ಟು ಚಾಂಗಿಯಲ್ಲೇ ಇರೋ ಜ್ಯುವೆಲ್ ಮಾಲ್‌ಗೆ ಹೋದ್ರೆ 40 ಮೀಟರ್ ಎತ್ತರದಿಂದ ಬೀಳೋ ಒಳಾಂಗಣ ಜಲಪಾತ, ಎಸಿ, ಕೂರೋಕೆ ಜಾಗ ಎಲ್ಲ ಇದೆ. ಹಿರಿಯರಿಗೆ ಅಲ್ಲಿ ಮೂರು ಗಂಟೆ ಕಳೆಯೋದು ಕಷ್ಟ ಆಗಲ್ಲ.

ಕಿವಿಮೂಗುಗಂಟಲು:
ಆ ರಾತ್ರಿಯ ರೂಮಲ್ಲಿ ಬಚ್ಚಲಿಗೆ ಹಿಡಿಕೆ ಇದೆಯಾ ಅಂತಲೂ ಕೇಳಿ. ತೂಗಾಟ ಜೋರಾಗಿರೋದು ಮೊದಲ ರಾತ್ರಿಯೇ.